ಒಪ್ಪಿಗೆ ಪತ್ರ ಮತ್ತು ಹೆಬ್ಬೆಟ್ಟು

2021ರ ಆಗಸ್ಟ್ 23, ಸೋಮವಾರ. ಕೊರೊನಾ ಬಂದು ಒಂದೂವರೆ ವರ್ಷ ಆಗಿತ್ತು. ಎರಡನೇ ಅಲೆ ಇಳಿದ ಮೇಲೆ ಕರ್ನಾಟಕದ ಹೈಸ್ಕೂಲುಗಳು ಮತ್ತೆ ತೆರೆಯುವ ದಿನ ಅದು. ಅದಕ್ಕೆ ಮೊದಲಿನ ವಾರ ನಾವು ಒಂದಷ್ಟು ಜನ, ಇಬ್ಬರು ಮೇಷ್ಟ್ರುಗಳು ಮತ್ತು ಹಾಸ್ಟೆಲಿನಲ್ಲಿ ಓದಿ ಊರಿಗೆ ವಾಪಸ್ಸು ಬಂದಿದ್ದ ಸಂಘಟನೆಯ ಹುಡುಗರು, ಕೇರಿಯಿಂದ ಕೇರಿಗೆ ಅಲೆದು ಒಂದು ಕಾಗದಕ್ಕೆ ಸಹಿ ಹಾಕಿಸುತ್ತಿದ್ದೆವು. ಪೋಷಕರ ಒಪ್ಪಿಗೆ ಪತ್ರ. ಅದಿಲ್ಲದೆ ಮಗುವನ್ನು ಒಳಗೆ ಬಿಡುವಂತಿರಲಿಲ್ಲ.

ಒಬ್ಬ ತಾಯಿ, ಕೂಲಿಯಿಂದ ಆಗ ತಾನೇ ಬಂದವರು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

'ಇದ್ರಲ್ಲಿ ಏನ್ ಬರ್ದದೆ ಮೇಷ್ಟ್ರೇ?'

'ಮಗಳನ್ನ ಸ್ಕೂಲಿಗೆ ಕಳಿಸೋಕೆ ನಿಮ್ಮ ಒಪ್ಪಿಗೆ ಅದೆ ಅಂತ ಕಣವ್ವ.'

'ಬಾಗ್ಲು ಹಾಕುವಾಗ ಯಾರೂ ನನ್ ಒಪ್ಗೆ ಕೇಳ್ನಿಲ್ವಲ್ಲ. ತಗಿಯುವಾಗ ಯಾಕ್ ಕೇಳ್ತೀರಿ?'

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಂಕಿನ ಡಬ್ಬಿ ಮುಂದಕ್ಕೆ ಹಿಡಿದೆವು. ಅವರು ಹೆಬ್ಬೆಟ್ಟು ಒತ್ತಿದರು. ಕೈ ಒರೆಸಿಕೊಂಡು ಒಲೆ ಹೊತ್ತಿಸಲು ಹೋದರು.

ಆ ಪ್ರಶ್ನೆ ನಮ್ಮ ಜೊತೆಯಲ್ಲೇ ಉಳಿದಿದೆ. ಕೊರೊನಾ ಈಗ ಮರೆತ ಸಂಗತಿ. ಮುಖಗವಸು ಹಳೇ ಬಟ್ಟೆಯ ಗಂಟಿಗೆ ಸೇರಿದೆ. ಆದರೆ ಬರಗಾಲವೋ, ನೆರೆಯೋ, ಇನ್ನೊಂದು ರೋಗವೋ ಬಂದಾಗ ಮತ್ತೆ ಯಾರೋ ಒಂದು ಮೇಜಿನ ಸುತ್ತ ಕೂತು ಶಾಲೆ ಮುಚ್ಚುವುದನ್ನು, ತೆರೆಯುವುದನ್ನು ಬರೆಯುತ್ತಾರೆ. ಆಗ ಈ ತಾಯಿ ಎಲ್ಲಿರುತ್ತಾರೆ? ಒಬ್ಬರ ಮಗುವಿಗೆ ಬರಬಹುದಾದ ಅಪಾಯವನ್ನು ಇನ್ನೊಬ್ಬರು ತೂಕ ಹಾಕಬಹುದೇ? ಹಾಕಬಹುದಾದರೆ ತಕ್ಕಡಿಯಲ್ಲಿ ಏನೇನು ಇಡಬೇಕು? ಇದು ಆಡಳಿತದ ಪ್ರಶ್ನೆ ಅಂತ ನಮಗೆ ಹೇಳಿಕೊಡಲಾಗಿದೆ. ನಮಗೆ ಇದು ನ್ಯಾಯ ಅನ್ಯಾಯದ ಪ್ರಶ್ನೆಯಾಗಿಯೇ ಕಾಣುತ್ತದೆ.

ಮೊದಲು ಬಾಗಿಲುಗಳ ಲೆಕ್ಕ ನೋಡೋಣ. 2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ನಮ್ಮ ರಾಜ್ಯದಲ್ಲಿ ಮೇ 4ಕ್ಕೆ ಹೆಂಡದಂಗಡಿಗಳು ತೆರೆದವು. ಜೂನ್ 8ಕ್ಕೆ ದೇವಸ್ಥಾನ, ಮಾಲು, ಹೋಟೆಲು. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅದಕ್ಕೆ ಹೆಸರು ನೋಂದಾಯಿಸಿದ್ದ ಮಕ್ಕಳು ಸುಮಾರು 8 ಲಕ್ಷ 48 ಸಾವಿರ. ಅಕ್ಟೋಬರಿನಲ್ಲಿ ಸಿನಿಮಾ ಥಿಯೇಟರು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯ್ತಿ ಚುನಾವಣೆ. ನಮ್ಮ ಕಡೆ ಮತಗಟ್ಟೆ ಅಂದರೆ ಶಾಲೆಯ ಕೊಠಡಿಯೇ. ಅಪ್ಪ ಅವ್ವ ಸಾಲಿನಲ್ಲಿ ನಿಂತು ಓಟು ಹಾಕಿ ಬಂದ ಕೊಠಡಿಗೆ ಅವರ ಮಗ ಹೋಗುವಂತಿರಲಿಲ್ಲ. ಹತ್ತನೇ ತರಗತಿಯವರಿಗೆ, ಎರಡನೇ ಪಿಯುಸಿಯವರಿಗೆ ಕ್ಲಾಸು ಶುರುವಾದದ್ದು 2021ರ ಜನವರಿ 1ಕ್ಕೆ. ಏಪ್ರಿಲಿನಲ್ಲಿ ಮತ್ತೆ ಬೀಗ. ಆಗಸ್ಟಿನಲ್ಲಿ ಮತ್ತೆ ಬಾಗಿಲು. ಒಂದರಿಂದ ಐದನೇ ತರಗತಿಯ ಪುಟ್ಟ ಮಕ್ಕಳ ಸರದಿ ಬಂದದ್ದು ಅಕ್ಟೋಬರ್ 25ಕ್ಕೆ.

ಪರೀಕ್ಷೆಗೆ ಅಷ್ಟು ಮಕ್ಕಳನ್ನು ಒಂದೇ ದಿನ ಕೂರಿಸಲು ಆಯಿತು, ಬಸ್ಸು ಬಿಟ್ಟರು, ಜ್ವರ ನೋಡಿದರು, ಬೆಂಚು ದೂರ ದೂರ ಹಾಕಿದರು. ಅದೇ ಏರ್ಪಾಟನ್ನು ಪಾಠಕ್ಕೆ ಮಾಡಲು ಇನ್ನೂ ಆರು ತಿಂಗಳು ಬೇಕಾಯಿತು. ನಮ್ಮ ವ್ಯವಸ್ಥೆಗೆ ಮಕ್ಕಳನ್ನು ಸೋಸುವುದು ತುರ್ತು, ಕಲಿಸುವುದು ನಿಧಾನ. ಇದು ಕೊರೊನಾದಿಂದ ಬಂದ ರೋಗವಲ್ಲ.

ಇಷ್ಟು ಬರೆದು ನಾವು ಸಾಚಾಗಳ ಹಾಗೆ ನಿಲ್ಲುವಂತಿಲ್ಲ. 2020ರ ಜೂನಿನಲ್ಲಿ, ಲಸಿಕೆ ಬರುವ ತನಕ ಶಾಲೆ ತೆರೆಯಬಾರದು ಅಂತ ಒಂದು ಮನವಿ ನಮ್ಮ ತಾಲ್ಲೂಕಿನಲ್ಲೂ ಓಡಾಡಿತು. ನಮ್ಮಲ್ಲಿ ಕೆಲವರು ಅದಕ್ಕೆ ಸಹಿ ಹಾಕಿದ್ದೆವು. 'ಜೀವ ಮೊದಲು, ಓದು ಆಮೇಲೆ' ಅಂದಿದ್ದೆವು. ಸಹಿ ಹಾಕಿದ ನಮ್ಮ ಮನೆಗಳಲ್ಲಿ ಸಂಬಳ ಬರುತ್ತಿತ್ತು. ನಮ್ಮ ಮಕ್ಕಳ ಕೈಯಲ್ಲಿ ಫೋನಿತ್ತು, ಫೋನಿಗೆ ನೆಟ್ ಪ್ಯಾಕ್ ಇತ್ತು. ಕೇರಿಯಲ್ಲಿ ಹುಟ್ಟಿ, ಮೀಸಲಾತಿಯಿಂದ ಕೆಲಸ ಹಿಡಿದು, ಪೇಟೆಯ ಬಡಾವಣೆಯಲ್ಲಿ ಸೈಟು ಮಾಡಿಕೊಂಡ ನಮಗೆ ಆ ಎರಡು ತಿಂಗಳಲ್ಲಿ ಕೇರಿ ಎಷ್ಟು ದೂರವಾಗಿತ್ತು ಅನ್ನುವುದು ಆ ಸಹಿಯಲ್ಲಿದೆ. ನಾವೂ ಬೇರೆಯವರ ಮಕ್ಕಳನ್ನು ನಮ್ಮ ಮನೆಯ ತಕ್ಕಡಿಯಲ್ಲಿ ತೂಗಿದ್ದೆವು.

ಹಾಗಂತ 'ಜೀವ ಮೊದಲು' ಅನ್ನುವ ಮಾತು ಸುಳ್ಳಲ್ಲ. ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಕೆಮ್ಮುವ ಅಜ್ಜಿ, ಅವಳ ಮಗ್ಗುಲಲ್ಲೇ ಮಲಗುವ ಮೊಮ್ಮಗ. ಅಲ್ಲಿ 'ಪ್ರತ್ಯೇಕ ಕೋಣೆಯಲ್ಲಿರಿ' ಅಂದರೆ ಅಂಗಳದಲ್ಲಿರಿ ಅಂತಲೇ ಅರ್ಥ. ಕಾಯಿಲೆ ಬಿದ್ದರೆ ಆಸ್ಪತ್ರೆಯ ಗತಿ ಏನು ಅನ್ನುವುದನ್ನು 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ತೋರಿಸಿಕೊಟ್ಟಿತು. ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಅದಾದ ಮೇಲೆ ಮಗುವನ್ನು ಹೊರಗೆ ಕಳಿಸಲು ಹೆದರಿದ ತಾಯಿಯನ್ನು ಅಜ್ಞಾನಿ ಅನ್ನುವವನಿಗೆ ನಾಚಿಕೆಯಾಗಬೇಕು. ಬಡವರ ಭಯ ಅನುಭವದಿಂದ ಬಂದದ್ದು.

ಆದರೆ ಜೀವ ಅಂದರೆ ಏನು ಅನ್ನುವುದನ್ನು ನಾವು ಕೇಳಲಿಲ್ಲ. ಯೋಜನೆ ಹಾಕಿದವರ ಲೆಕ್ಕದಲ್ಲಿ ಸೋಂಕಿನಿಂದ ಹೋಗುವ ಜೀವ ಮಾತ್ರ ಜೀವ. ಸಾವು ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗುತ್ತೆ, ಸಂಜೆ ಬುಲೆಟಿನ್ನಿನಲ್ಲಿ ಬರುತ್ತೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಹತ್ತು ಜನರನ್ನು ಸೇರಿಸಿ ಮನೆ ಮುಂದೆ ತಾಳಿ ಕಟ್ಟಿಸಿದರೆ ಅದು ಯಾವ ಬುಲೆಟಿನ್ನಿಗೂ ಬರೋದಿಲ್ಲ. ಹುಡುಗ ಗಾರೆ ಕೆಲಸಕ್ಕೆ ಹೋದರೆ, ಇನ್ನೊಬ್ಬ ಕಾಫಿ ತೋಟಕ್ಕೆ ಹೋದರೆ ಊರಿನವರು 'ಪರ್ವಾಗಿಲ್ಲ, ನಾಲ್ಕು ಕಾಸು ಸಂಪಾದಿಸ್ತಾನೆ' ಅಂದರು. ಸತ್ತವರನ್ನು ಎಣಿಸಿದೆವು. ಬದುಕನ್ನು ಕಳೆದುಕೊಂಡವರನ್ನು ಎಣಿಸಲು ಕಾಲಮ್ಮೇ ಇರಲಿಲ್ಲ.

ಎಣಿಸಿದವರು ಇಲ್ಲದಿಲ್ಲ. ಜಾನ್ ಡ್ರೀಜ್, ರೀತಿಕಾ ಖೇರಾ ಮತ್ತು ಸಂಗಾತಿಗಳು 2021ರ ಆಗಸ್ಟಿನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕೇರಿಗಳಲ್ಲಿ ಸುಮಾರು 1,400 ಮಕ್ಕಳನ್ನು ಕಂಡು ಮಾತನಾಡಿಸಿದರು. ಎಂಟನೇ ತರಗತಿಯೊಳಗಿನ ಮಕ್ಕಳು. ಹಳ್ಳಿಗಳಲ್ಲಿ ನೂರಕ್ಕೆ 8 ಮಕ್ಕಳು ಮಾತ್ರ ಆನ್‌ಲೈನಿನಲ್ಲಿ ಕ್ರಮವಾಗಿ ಕಲಿಯುತ್ತಿದ್ದರು. 37 ಮಕ್ಕಳು ಏನನ್ನೂ ಓದುತ್ತಿರಲಿಲ್ಲ. ಅದರಲ್ಲೂ ದಲಿತ, ಆದಿವಾಸಿ ಮಕ್ಕಳನ್ನು ಬೇರೆ ತೆಗೆದರೆ 8 ಅನ್ನುವುದು 4 ಆಗುತ್ತದೆ. ಆ ತಂದೆ ತಾಯಿಗಳಲ್ಲಿ ನೂರಕ್ಕೆ 98 ಜನ ಶಾಲೆ ಬೇಗ ತೆರೆಯಿರಿ ಅಂದಿದ್ದರು. ಜಾರ್ಖಂಡದ ಲಾತೇಹಾರ್ ಜಿಲ್ಲೆಯ ಒಂದು ಹಳ್ಳಿಯ ಸಂಗತಿ ಆ ವರದಿಯಲ್ಲಿದೆ. ದಲಿತ, ಆದಿವಾಸಿಗಳೇ ಹೆಚ್ಚಿರುವ ಊರು, ಮೇಷ್ಟ್ರು ಮೇಲ್ಜಾತಿಯವರು. ಈ ಮಕ್ಕಳು ಓದಿಬಿಟ್ಟರೆ ನಮ್ಮ ಹೊಲದಲ್ಲಿ ದುಡಿಯೋರು ಯಾರು ಅಂತ ಆ ಮನೆಯವರೇ ಸಂಕೋಚವಿಲ್ಲದೆ ಕೇಳಿದರಂತೆ. ರೋಗದ ಕಾಲದಲ್ಲಿ ಶಾಲೆ ಮುಚ್ಚಿದ್ದು ಕೆಲವರಿಗೆ ಭಯದಿಂದ, ಕೆಲವರಿಗೆ ಅನುಕೂಲದಿಂದ. ಎರಡಕ್ಕೂ ಒಂದೇ ಬೀಗ.

ಇನ್ನು ಶೇಕಡಾ 2ರ ಮಾತು. 2021ರ ಆಗಸ್ಟಿನ ಯೋಜನೆಯಲ್ಲಿ ಜಿಲ್ಲೆಯೇ ಅಳತೆಗೋಲು. ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಸೋಂಕಿತರು ಎರಡಕ್ಕಿಂತ ಕಡಿಮೆ ಇದ್ದರೆ ಆ ಜಿಲ್ಲೆಯ ಹೈಸ್ಕೂಲು ತೆರೆಯಬಹುದು. ಕರಾವಳಿ, ಮಲೆನಾಡಿನ ಕೆಲವು ಜಿಲ್ಲೆಗಳು ಹಾಗಾಗಿ ತಡವಾದವು. ಅಳತೆ ಬೇಕು, ನಿಜ. ಗಾಳಿ ನೋಡಿ ಹೇಳುವುದಕ್ಕಿಂತ ಲೆಕ್ಕ ನೋಡಿ ಹೇಳುವುದು ಮೇಲು. ಆದರೆ ಜಿಲ್ಲೆ ಅನ್ನುವುದು ನೂರಾರು ಊರುಗಳ ಸರಾಸರಿ. ಜಿಲ್ಲಾ ಕೇಂದ್ರದ ಬಡಾವಣೆಯಲ್ಲಿ ಪರೀಕ್ಷೆ ಹೆಚ್ಚು, ಗುಡ್ಡದ ಮೇಲಿನ ಹಟ್ಟಿಯಲ್ಲಿ ಪರೀಕ್ಷೆ ಮಾಡಿಸಿಕೊಂಡವರೇ ಇಲ್ಲ. ಒಂದು ಕಡೆಯ ಸೋಂಕಿನಿಂದ ಇನ್ನೊಂದು ಕಡೆಯ ಶಾಲೆ ಮುಚ್ಚುತ್ತೆ. ಇನ್ನೊಂದು ಕಡೆ ಯಾರನ್ನೂ ಪರೀಕ್ಷಿಸದ ಕಾರಣಕ್ಕೇ ಕ್ಷೇಮ ಅನ್ನಿಸಿಕೊಳ್ಳುತ್ತೆ. ಸರಾಸರಿ ಅನ್ನುವುದರಲ್ಲಿ ಕೇರಿ ಯಾವಾಗಲೂ ಮುಳುಗಿಹೋಗುತ್ತೆ. ಊರಿನ ತಲಾ ಆದಾಯ ಲೆಕ್ಕ ಹಾಕುವಾಗ ಗೌಡರ ಐವತ್ತು ಎಕರೆಯಲ್ಲಿ ನಮ್ಮ ಪಾಲೂ ಇದೆಯಲ್ಲ, ಹಾಗೆ.

ಬಾಬಾಸಾಹೇಬರು 1936ರ 'ಜಾತಿ ವಿನಾಶ' ಪ್ರಬಂಧದಲ್ಲಿ ನಿಯಮವನ್ನೂ ತತ್ವವನ್ನೂ ಬೇರೆ ಮಾಡಿ ತೋರಿಸುತ್ತಾರೆ. ನಿಯಮ ಹೀಗೆ ಮಾಡು ಅನ್ನುತ್ತದೆ, ಮಾಡಿದವನು ಯೋಚಿಸಬೇಕಾಗಿಲ್ಲ. ತತ್ವ ಯೋಚಿಸಲು ದಾರಿ ಕೊಡುತ್ತದೆ. ಅದನ್ನು ನಡೆಸಿದವನ ಮೇಲೆ ಹೊಣೆ ಬೀಳುತ್ತದೆ. ಅವರು ಧರ್ಮದ ಬಗ್ಗೆ ಹೇಳಿದ್ದು. ನಮಗೆ ಶಾಲೆ ತೆರೆಯುವ ಮಾರ್ಗಸೂಚಿಯನ್ನು ಓದುವಾಗ ಅದು ನೆನಪಾಯಿತು. ಆ ಕಾಗದದ ತುಂಬ ನಿಯಮಗಳೇ. ಅರ್ಧ ದಿನದ ಪಾಠ. ಒಂದು ಕೊಠಡಿಗೆ ಇಪ್ಪತ್ತೇ ಮಕ್ಕಳು. ಜ್ವರ ನೋಡಿ. ಸ್ಯಾನಿಟೈಸರ್ ಇಡಿ. ಕುಡಿಯುವ ನೀರು, ತಿಂಡಿ ಮನೆಯಿಂದಲೇ ತನ್ನಿ.

ಮನೆಯಿಂದಲೇ ನೀರು. ಬರೆದ ಅಧಿಕಾರಿ ಕೆಟ್ಟ ಮನಸ್ಸಿನಿಂದ ಬರೆದಿರಲಾರರು. ಒಂದೇ ಲೋಟ ಹತ್ತು ಬಾಯಿಗೆ ಹೋಗಬಾರದು ಅನ್ನುವುದು ಸರಿಯೇ. ಆದರೆ ಓದಿದ ನಮ್ಮ ಗಂಟಲು ಒಣಗಿತು. ಸಾತಾರಾದ ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು, ಇಲ್ಲದಿದ್ದರೆ ಬಾಯಾರಿಕೆಯಲ್ಲೇ ಮನೆಗೆ; ಕೂರಲು ಗೋಣಿತಟ್ಟನ್ನು ಮನೆಯಿಂದಲೇ ತರಬೇಕಿದ್ದ ಆ ಹುಡುಗ ಭೀಮರಾಯ. 1927ರ ಮಾರ್ಚಿನಲ್ಲಿ ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು ಇದೇ ಕಾರಣಕ್ಕೆ. 'ಸಾಮಾಜಿಕ ಅಂತರ ಕಾಪಾಡಿ' ಅಂತ ಶಾಲೆಯ ಗೋಡೆಗೆ ಬರೆಸಿದಾಗ ಹಳೆಯ ತಲೆಯೊಬ್ಬರು ನಮ್ಮನ್ನು ಕೇಳಿದರು: 'ಇದ್ನ ಹೊಸ್ದಾಗಿ ಬ್ಯಾರೆ ಬರೀಬೇಕಾ?' ಮೈ ಅಂತರ, ದೈಹಿಕ ಅಂತರ ಅನ್ನಬಹುದಿತ್ತು. ನಿಯಮ ಬರೆಯುವವರಿಗೆ ಒಂದು ಪದ ಎಲ್ಲಿಂದ ನಡೆದು ಬಂತು ಅನ್ನುವ ಚಿಂತೆ ಇರುವುದಿಲ್ಲ.

ಬಿಸಿಯೂಟದ್ದೂ ಹಾಗೇ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಆಮೇಲೆ ಹೈಸ್ಕೂಲಿಗೂ ಬಂತು. ಅದು ಬರೀ ಅನ್ನವಲ್ಲ. ದಲಿತ ಹೆಂಗಸು ಬೇಯಿಸಿದ ಸಾರನ್ನು ಊರ ಮಕ್ಕಳು ಸಾಲಾಗಿ ಕೂತು ಉಣ್ಣಬೇಕಾದ ಒಂದೇ ಒಂದು ಜಾಗ. ಎಷ್ಟೋ ಕಡೆ ಅದಕ್ಕೂ ತಗಾದೆ ತೆಗೆದಿದ್ದಾರೆ, ಟಿಫನ್ ಡಬ್ಬಿ ಕಳಿಸಿದ್ದಾರೆ. ರೋಗ ಬಂದು ಟಿಫನ್ ಡಬ್ಬಿಯೇ ಕಾನೂನಾಯಿತು. ಅಕ್ಕಿ, ಬೇಳೆ ಮನೆಗೆ ಹಂಚಿದರು, ಸಂತೋಷ. ಆದರೆ ಬಿಸಿಯೂಟ ಮತ್ತೆ ಶುರುವಾದದ್ದು 2021ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನಮ್ಮ ಕಡೆ ಕೆಲವು ಮಕ್ಕಳಿಗೆ ಡಬ್ಬಿಯ ರೂಢಿ ಬಿದ್ದುಹೋಗಿತ್ತು. ಡಬ್ಬಿ ಇಲ್ಲದವರಿಗೆ ಅರ್ಧ ದಿನದ ಶಾಲೆ ಮುಗಿಯುವ ತನಕ ಹಸಿವಿನ ರೂಢಿ.

ವಿದ್ಯಾಗಮವನ್ನು ಇಲ್ಲಿ ನೆನೆಯಬೇಕು, ಒಳ್ಳೆಯ ಮಾತಿನಿಂದಲೇ. 2020ರ ಆಗಸ್ಟಿನಿಂದ ಅಕ್ಟೋಬರಿನ ತನಕ ಮೇಷ್ಟ್ರುಗಳು ಊರೂರಿಗೆ ಹೋಗಿ, ಮಕ್ಕಳನ್ನು ಗುಂಪು ಮಾಡಿ, ಮರದಡಿ, ಜಗಲಿಯ ಮೇಲೆ, ಸಮುದಾಯ ಭವನದಲ್ಲಿ ಪಾಠ ಮಾಡಿದರು. ಫೋನಿಲ್ಲದ ಮಗುವಿನ ಹತ್ತಿರ ಶಾಲೆಯೇ ನಡೆದು ಹೋಗಲಿ ಅನ್ನುವ ಯೋಚನೆ, ಆ ಕಾಲದ ಬೇರೆಲ್ಲ ಯೋಚನೆಗಳಿಗಿಂತ ಮನುಷ್ಯತ್ವದ್ದು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ನಿಂತಿತು. ಆದರೆ ನಾವು ಕಂಡ ಒಂದು ಊರಿನಲ್ಲಿ ಪಾಠದ ಜಾಗ ದೇವಸ್ಥಾನದ ಪ್ರಾಂಗಣ. ಗಾಳಿ ಬೆಳಕು ಚೆನ್ನಾಗಿದೆ, ವಿಶಾಲವಾಗಿದೆ, ಎಲ್ಲ ನಿಯಮಕ್ಕೂ ಸರಿ. ಕೇರಿಯ ನಾಲ್ಕು ಮಕ್ಕಳು ಮಾತ್ರ ಮೆಟ್ಟಿಲ ಕೆಳಗೆ, ಬಿಸಿಲಲ್ಲಿ. ಯಾರೂ ಬೈದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಮಕ್ಕಳೇ ಅಲ್ಲಿ ನಿಂತುಕೊಂಡರು. ಮೇಷ್ಟ್ರು ಒಳ್ಳೆಯವರು, ಕಂಡ ಕೂಡಲೇ ಎಲ್ಲರನ್ನೂ ಎಬ್ಬಿಸಿ ಹುಣಸೆ ಮರದಡಿಗೆ ಕರೆದುಕೊಂಡು ಹೋದರು. ಅವರ ಕೈಯಲ್ಲಿದ್ದದ್ದು ನಿಯಮ, ಅವರೊಳಗೆ ಇದ್ದದ್ದು ತತ್ವ. ಎಲ್ಲ ಊರಲ್ಲೂ ಅಂಥ ಮೇಷ್ಟ್ರು ಇರುವುದಿಲ್ಲ, ಹುಣಸೆ ಮರವೂ ಇರುವುದಿಲ್ಲ.

ಮೇಷ್ಟ್ರುಗಳ ಜೀವದ ಮಾತು ಬಂದಾಗ ನಮ್ಮ ಸಭೆಯೊಂದರಲ್ಲಿ ಜಗಳವೇ ಆಯಿತು. ಒಬ್ಬ ಗೆಳೆಯ ಸಾವಿತ್ರಿಬಾಯಿ ಫುಲೆಯವರ ಹೆಸರು ತೆಗೆದ. 1848ರಲ್ಲಿ ಪುಣೆಯಲ್ಲಿ ಹೆಣ್ಣು ಮಕ್ಕಳಿಗೆ ಶಾಲೆ ತೆರೆದ ಆ ತಾಯಿ 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತಾ, ಕಾಯಿಲೆ ಬಿದ್ದ ಮಗುವೊಂದನ್ನು ಎತ್ತಿಕೊಂಡು ಮಗನ ಚಿಕಿತ್ಸಾಲಯಕ್ಕೆ ಓಡಿ, ತಾನೂ ಪ್ಲೇಗು ಹತ್ತಿಸಿಕೊಂಡು ಮಾರ್ಚ್ 10ಕ್ಕೆ ತೀರಿಹೋದರು. 'ಸರ್ಕಾರಿ ಸಂಬಳದ ಮೇಷ್ಟ್ರಿಗೆ ಏನು ಧಾಡಿ?' ಅಂದ. ಸಭೆಯಲ್ಲಿದ್ದ ಒಬ್ಬ ಮೇಡಂ ಎದ್ದು ನಿಂತರು. 'ಅವ್ರು ತಾವಾಗಿ ಹೋದ್ರು. ನನ್ನನ್ನ ಮೆಮೊ ಕೊಟ್ಟು ಕಳಿಸ್ತಾರೆ. ಎರಡೂ ಒಂದೇನಾ?' ಅಂದರು.

ಒಂದಲ್ಲ. ತ್ಯಾಗ ಮಾಡುವವರದು ದೊಡ್ಡತನ. ಅದನ್ನು ಇನ್ನೊಬ್ಬರಿಂದ ವಸೂಲು ಮಾಡುವುದು ದೌರ್ಜನ್ಯ. 2021ರ ಏಪ್ರಿಲಿನ ಉಪಚುನಾವಣೆಯ ಕೆಲಸಕ್ಕೆ ಹೋಗಿ ಬಂದ ಶಿಕ್ಷಕರು ಸತ್ತ ಸುದ್ದಿ ಬಸವಕಲ್ಯಾಣ, ಮಸ್ಕಿ ಕಡೆಯಿಂದ ಬಂದಾಗ ಅವರ ಒಪ್ಪಿಗೆ ಪತ್ರವನ್ನು ಯಾರು ತೆಗೆದುಕೊಂಡಿದ್ದರು? ಆ ಮೇಡಂಗೆ ಲಸಿಕೆ ಹಾಕಿಸಿ, ಕಿಟಕಿ ಇರುವ ಕೊಠಡಿ ಕೊಟ್ಟು, ಆಮೇಲೆ ಪಾಠ ಮಾಡಿ ಅಂದರೆ ಆಕೆ ಬೇಡ ಅನ್ನುವವರಲ್ಲ. ಗೆಳೆಯನ ಸಿಟ್ಟು ಎಲ್ಲಿಂದ ಬಂತು ಅನ್ನುವುದೂ ನಮಗೆ ಗೊತ್ತು. ಅವನ ತಂಗಿ ಆಗ ಹತ್ತನೇ ಕ್ಲಾಸು.

ಈಗ ಒಪ್ಪಿಗೆ ಪತ್ರಕ್ಕೇ ಬರೋಣ. ಒಪ್ಪಿಗೆ ಅನ್ನಬೇಕಾದರೆ, ಏನಕ್ಕೆ ಒಪ್ಪುತ್ತಿದ್ದೇನೆ ಅನ್ನುವುದು ಗೊತ್ತಿರಬೇಕು. ಒಲ್ಲೆ ಅಂದರೆ ಬೇರೆ ದಾರಿ ಇರಬೇಕು. ಕಾಗದದಲ್ಲಿ ಆ ದಾರಿಯೂ ಇತ್ತು, ಬರದ ಮಕ್ಕಳು ಆನ್‌ಲೈನಿನಲ್ಲಿ ಕಲಿಯಬಹುದು ಅಂತ. ಫೋನಿರುವ ಮನೆಗೆ ಅದು ಆಯ್ಕೆ. ಫೋನಿಲ್ಲದ ಮನೆಗೆ ಒಪ್ಪಿದರೆ ಶಾಲೆ, ಒಲ್ಲದಿದ್ದರೆ ಏನೂ ಇಲ್ಲ. ಒಲ್ಲೆ ಅನ್ನಲಾಗದವರ ಒಪ್ಪಿಗೆಯನ್ನು ನಮ್ಮ ಕೇರಿ ಬಹಳ ಕಾಲದಿಂದ ಬಲ್ಲದು. ಜೀತದ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯೇ ಆಗಿತ್ತು. ಅದು ಒಪ್ಪಿಗೆ ಅಲ್ಲ ಅಂತ ಹೇಳಲು 1976ರ ಕಾಯ್ದೆ ಬರಬೇಕಾಯಿತು. ಸರ್ಕಾರ ಕೊಟ್ಟ ಜಮೀನು ಹೆಂಡಕ್ಕೋ, ಹಬ್ಬದ ಸಾಲಕ್ಕೋ ಬರೆದುಕೊಟ್ಟದ್ದೂ ಒಪ್ಪಿಗೆಯೇ. ಅದಕ್ಕೆ ನಮ್ಮ ರಾಜ್ಯದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬೇಕಾಯಿತು. ಹೆಬ್ಬೆಟ್ಟು ಒತ್ತುವವನು ಒಪ್ಪುವುದು ಕಡಿಮೆ. ಒತ್ತಿಸಿಕೊಳ್ಳುವವನು ಹೊಣೆಯಿಂದ ಬಿಡಿಸಿಕೊಳ್ಳುವುದೇ ಹೆಚ್ಚು.

ಹೊಣೆ. ನಾಳೆ ಮಗುವಿಗೆ ಏನಾದರೂ ಆದರೆ, ನೀವೇ ಒಪ್ಪಿದ್ದಿರಲ್ಲ ಅನ್ನಲು ಕಾಗದ ಇತ್ತು. ನಾಳೆ ಮಗು ಓದಿನಿಂದ ಹೊರಬಿದ್ದರೆ, ನೀವೇ ಕಳಿಸಲಿಲ್ಲವಲ್ಲ ಅನ್ನಲೂ ಅದೇ ಕಾಗದ. ಮುಚ್ಚಿದ ಅಷ್ಟು ತಿಂಗಳಿಗೆ ಮಾತ್ರ ಯಾರ ಸಹಿಯೂ ಇಲ್ಲ. ಆ ತಾಯಿ ಕೇಳಿದ್ದು ಇದನ್ನೇ.

ಹಾಗಾದರೆ ಪ್ರತಿ ಕೇರಿಯೂ ತನ್ನ ಶಾಲೆಯ ಬಾಗಿಲು ತಾನೇ ತೀರ್ಮಾನಿಸಬೇಕೇ, ವೈದ್ಯರ ಮಾತು ಬೇಡವೇ ಅಂತ ನಮ್ಮ ವಿದ್ಯಾರ್ಥಿ ಗೆಳೆಯರು ಕೇಳುತ್ತಾರೆ. ಕೇಳಬೇಕಾದದ್ದೇ. ಸೋಂಕು ಹೇಗೆ ಹರಡುತ್ತೆ, ಕಿಟಕಿ ತೆರೆದರೆ ಎಷ್ಟು ತಗ್ಗುತ್ತೆ, ಯಾವ ವಯಸ್ಸಿಗೆ ಎಷ್ಟು ಅಪಾಯ, ಇದನ್ನು ವೈದ್ಯರೇ ಹೇಳಬೇಕು; ಪೂಜಾರಿಯೂ ಹೇಳಬಾರದು, ನಾವೂ ಹೇಳಬಾರದು. ಆದರೆ ಆ ಅಪಾಯವನ್ನು ಯಾವುದರ ಎದುರಿಗೆ ಇಟ್ಟು ತೂಗಬೇಕು ಅನ್ನುವುದು ವೈದ್ಯಶಾಸ್ತ್ರವಲ್ಲ. ಅದನ್ನು ಹೊರುವವರು ಹೇಳಬೇಕು. ಅದಕ್ಕೆ ಹೊಸದೇನೂ ಕಟ್ಟಬೇಕಾಗಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಶಾಲಾ ಸಮಿತಿ ಇದೆ. ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು, ಹಿಂದುಳಿದವರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕ ಪಾಲು. ಎಂಟನೇ ತರಗತಿಗೆ ಆ ಕಾಯ್ದೆಯ ಕೈ ನಿಲ್ಲುತ್ತೆ, ಹೈಸ್ಕೂಲಿಗೆ ಪೂರ್ತಿ ಎಟುಕುವುದಿಲ್ಲ. ಆದರೂ ನಮ್ಮ ಕಡೆ ಹೈಸ್ಕೂಲುಗಳಲ್ಲೂ ಸಮಿತಿ ಹೆಸರಿಗೆ ಇದೆ. ನಾವು ಓಡಾಡಿದ ಊರುಗಳಲ್ಲಿ, ಮುಚ್ಚುವಾಗಲೂ ತೆರೆಯುವಾಗಲೂ ಆ ಸಮಿತಿಯ ಒಂದು ಸಭೆಯೂ ನಡೆಯಲಿಲ್ಲ. ನಡೆದಿದ್ದರೆ ಆ ತಾಯಿ ಏನು ಹೇಳುತ್ತಿದ್ದರು? ಬಹುಶಃ ಮುಚ್ಚಿ ಅಂತಲೇ ಮೊದಲು ಹೇಳುತ್ತಿದ್ದರೇನೋ. ಆದರೆ ಎರಡು ತಿಂಗಳಿಗೊಮ್ಮೆ ಸೇರಿ ಮತ್ತೆ ಮತ್ತೆ ಯೋಚಿಸುತ್ತಿದ್ದರು. ಅಜ್ಜಿಯರಿಗೆ ಲಸಿಕೆ ಮೊದಲು ಹಾಕಿ ಅನ್ನುತ್ತಿದ್ದರು. ಊಟ ನಿಲ್ಲಿಸಬೇಡಿ ಅನ್ನುತ್ತಿದ್ದರು. ತಪ್ಪಾದರೂ ಅದು ಅವರ ತಪ್ಪಾಗಿರುತ್ತಿತ್ತು, ನಮ್ಮ ಹಾಗೆ ಬೇರೆಯವರ ಮಕ್ಕಳ ಮೇಲೆ ಮಾಡಿದ ತಪ್ಪಲ್ಲ.

ಆ ಸೋಮವಾರ ಶಾಲೆ ತೆರೆಯಿತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಆ ತಾಯಿಯ ಮಗಳು ಬಂದಳು, ಯೂನಿಫಾರ್ಮ್ ಎರಡು ಬೆರಳು ಗಿಡ್ಡವಾಗಿತ್ತು. ಹಾಜರಿ ಕೂಗಿದಾಗ ಆ ಕೇರಿಯ ಮೂವರು ಹುಡುಗರು ಇರಲಿಲ್ಲ. ವಾರ ಕಾದು ನಾವು ಹುಡುಕಿಕೊಂಡು ಹೊರಟೆವು. ಇಬ್ಬರು ಗಾರೆ ಕೆಲಸದಲ್ಲಿ ಸಿಕ್ಕರು, ದೀಪಾವಳಿ ಆದ ಮೇಲೆ ಶಾಲೆಗೆ ಬಂದರು. ಮೂರನೆಯವನು ಅಪ್ಪನ ಜೊತೆ ಇಟ್ಟಿಗೆ ಗೂಡಿನಲ್ಲಿದ್ದ. ನಮ್ಮನ್ನು ಕಂಡು ಮಣ್ಣಿನ ಕೈ ಬೆನ್ನ ಹಿಂದೆ ಇಟ್ಟುಕೊಂಡ. ಅವನ ಅಪ್ಪನಿಗೆ ಒಪ್ಪಿಗೆ ಪತ್ರ ತೋರಿಸಿದೆವು.

'ಇದಕ್ಕೆ ಒತ್ತಬೋದು ಮೇಷ್ಟ್ರೇ, ಅದಕ್ಕೇನಂತೆ. ಇಲ್ಲಿ ಮುಂಗಡ ಈಸ್ಕೊಂಡು ಒತ್ತಿದೀನಲ್ಲ, ಅದ್ನ ಬಿಡಿಸ್ತೀರಾ?'

ಮುಂಗಡ ಎಷ್ಟು ಅಂತ ಕೇಳಿದೆವು. ಹೇಳಿದ. ನಾವು ಬಂದಿದ್ದವರು ನಾಲ್ಕು ಜನ. ಜೇಬು ಮುಟ್ಟಿ ನೋಡಿಕೊಂಡೆವು.